ಕಿತ್ತವರು ಮತ್ತು ಅಪ್ಪಿಕೊಂಡವರು

1983ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ತುಮಕೂರು ಜಿಲ್ಲೆಯ ರೈತರು ಗುಂಪುಗೂಡಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನಡೆದುಹೋದರು. ಅಲ್ಲಿ ಬೆಳೆಸಿದ್ದ ನೀಲಗಿರಿ ಸಸಿಗಳನ್ನು ಕಿತ್ತು ಹಾಕಿದರು. ಕಿತ್ತ ಜಾಗದಲ್ಲಿ ಹುಣಸೆ ಮತ್ತು ಮಾವಿನ ಬೀಜ ಬಿತ್ತಿದರು. ಇದಾದ ಕೆಲವೇ ವಾರಗಳಿಗೆ, ಸೆಪ್ಟೆಂಬರ್ 8ರಂದು, ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಹತ್ತಿರದ ಕಾಡಿಗೆ ಹೋಗಿ, ಕೊಡಲಿ ಹಿಡಿದು ನಿಂತಿದ್ದವರ ಎದುರಿಗೇ ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ.

ಒಂದೇ ರಾಜ್ಯ, ಒಂದೇ ಮಳೆಗಾಲ, ಒಂದೇ ಇಲಾಖೆ. ಒಂದು ಕಡೆ ಗಿಡ ಕಿತ್ತರು, ಇನ್ನೊಂದು ಕಡೆ ಮರ ತಬ್ಬಿದರು. ಅಪ್ಪಿಕೋ ಚಳವಳಿ ದೇಶವಿದೇಶಗಳಲ್ಲಿ ಹೆಸರಾಯಿತು. ಶಾಲಾ ಪಾಠಗಳಲ್ಲೂ ಸೇರಿತು. ತುಮಕೂರಿನ ಘಟನೆ ಮಾತ್ರ ಪರಿಸರ ಚಿಂತಕರ ಕೆಲವು ಪುಸ್ತಕಗಳಲ್ಲಿ ಒಂದೆರಡು ಸಾಲಾಗಿ ಉಳಿಯಿತು. ಗಿಡ ಕೀಳುವುದು ನೋಡಲು ಚೆಂದದ ಕೆಲಸವಲ್ಲ ಎಂಬುದೇ ಇದಕ್ಕೆ ಕಾರಣವಿರಬಹುದು. ಆದರೆ ಎರಡೂ ಕಡೆಯ ಜನ ಕೇಳಿದ್ದು ಒಂದೇ ಪ್ರಶ್ನೆಯನ್ನು. ಊರಿನ ಬದುಕು ನಿಂತಿರುವ ನೆಲದ ಮೇಲೆ ಏನು ಬೆಳೆಯಬೇಕು, ಏನು ಬೆಳೆಯಬಾರದು ಎಂದು ತೀರ್ಮಾನಿಸುವವರು ಯಾರು? ಅರಣ್ಯ ಮತ್ತು ಜನರ ನಡುವಿನ ಜಗಳವನ್ನು ಮರ ಬೇಕೆನ್ನುವವರು ಹಾಗೂ ಬೇಡವೆನ್ನುವವರ ಜಗಳ ಎಂದು ನೋಡುವ ರೂಢಿಯಿದೆ. ತುಮಕೂರಿನ ಬಯಲುಸೀಮೆಯ ಕಥೆ ಆ ರೂಢಿಗೆ ಒಗ್ಗುವುದಿಲ್ಲ.

ಖರಾಬು ಎಂಬ ಮಾತು

ತುಮಕೂರು ನಗರದಿಂದ ಶಿರಾ ಕಡೆಗೆ ಹೊರಟರೆ ಸಿಗುವ ಅಂತರಸನಹಳ್ಳಿ ಇಂದು ಜನರ ಬಾಯಲ್ಲಿ ಕೈಗಾರಿಕಾ ಪ್ರದೇಶದ ಹೆಸರು, ತರಕಾರಿ ಮಾರುಕಟ್ಟೆಯ ಹೆಸರು. ಹೆದ್ದಾರಿಯ ಲಾರಿಗಳ ಸದ್ದಿನಲ್ಲಿ ಅದೊಂದು ಹಳ್ಳಿಯಾಗಿತ್ತು ಎಂಬುದೇ ಮರೆತುಹೋಗುತ್ತದೆ. ಅಂತರಸನಹಳ್ಳಿಯಿರಲಿ, ಗುಬ್ಬಿ ಅಥವಾ ಕುಣಿಗಲ್ ಕಡೆಯ ಊರಿರಲಿ, ಈ ಸೀಮೆಯ ಹಳೆಯ ಹಳ್ಳಿಗಳಿಗೆ ಹೆಚ್ಚು ಕಡಿಮೆ ಒಂದೇ ಅಚ್ಚು. ನಡುವೆ ಊರು, ಕೆರೆಯ ಕೆಳಗೆ ಗದ್ದೆ ಮತ್ತು ತೆಂಗು-ಅಡಿಕೆ ತೋಟ, ಮೇಲೆ ರಾಗಿ, ಅವರೆ, ಹುರುಳಿಯ ಹೊಲ. ಅದರಾಚೆಗೆ ಯಾರೊಬ್ಬರ ಹೆಸರಿನಲ್ಲೂ ಇಲ್ಲದ ನೆಲ.

ಈ ನೆಲಕ್ಕೆ ಕಂದಾಯ ಇಲಾಖೆಯ ಪುಸ್ತಕದಲ್ಲಿ ಹಲವು ಹೆಸರು: ಗೋಮಾಳ, ಹುಲ್ಲುಬನ್ನಿ, ಗುಂಡುತೋಪು, ಸೇಂದಿವನ, ಕಾವಲು. ತೆರಿಗೆ ಹುಟ್ಟದ ಜಮೀನಿಗೆಲ್ಲ ಸೇರಿ ಖರಾಬು ಎಂಬ ಇನ್ನೊಂದು ಮಾತೂ ಇದೆ. ಪಾರ್ಸಿಯಿಂದ ಬಂದ ಈ ಪದಕ್ಕೆ ಕೆಟ್ಟದ್ದು, ಹಾಳಾದದ್ದು ಎಂಬರ್ಥ. ಸರ್ಕಾರಕ್ಕೆ ಕಾಸು ಹುಟ್ಟದಿದ್ದರೆ ನೆಲ ಕೆಟ್ಟದ್ದು! ಹಳ್ಳಿಯವರ ಲೆಕ್ಕ ಬೇರೆ. ದನ, ಕುರಿ, ಮೇಕೆ ಮೇಯುತ್ತಿದ್ದುದು ಇದೇ ಕೆಟ್ಟ ನೆಲದಲ್ಲಿ. ಒಲೆಗೆ ಪುಳ್ಳೆ, ನೇಗಿಲು ಗಾಡಿಗಳಿಗೆ ಜಾಲಿಯ ಮರ, ಗದ್ದೆಗೆ ಹೊಂಗೆ ಸೊಪ್ಪು, ದೀಪಕ್ಕೆ ಹೊಂಗೆ ಮತ್ತು ಹಿಪ್ಪೆಯ ಎಣ್ಣೆ, ಚರ್ಮ ಹದ ಮಾಡುವವರಿಗೆ ತಂಗಡಿ ಚಕ್ಕೆ, ಬುಟ್ಟಿ ಪೊರಕೆಗಳಿಗೆ ಈಚಲ ಗರಿ, ಮಕ್ಕಳಿಗೆ ಸೀತಾಫಲ ಎಲ್ಲ ಬರುತ್ತಿದ್ದುದು ಅಲ್ಲಿಂದಲೇ. ಜಮೀನು ಇದ್ದವರಿಗೆ ಇದು ಅನುಕೂಲ. ಜಮೀನು ಇಲ್ಲದವರಿಗೆ ಇದೇ ಬದುಕು. ಪಟ್ಟಣದ ಓದುಗರು ಗೋಮಾಳ ಎಂದೊಡನೆ ಬರೀ ಹಸುವನ್ನು ನೆನೆಯುತ್ತಾರೆ; ಮೇಕೆ ಮತ್ತು ಸೌದೆ ಹೊರೆಯನ್ನೂ ನೆನೆಯಬೇಕು.

ಶಿರಾ, ಚಿಕ್ಕನಾಯಕನಹಳ್ಳಿ ಸುತ್ತಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆಯನ್ನು ಗಣೆ ಊದಿ ಹಾಡುವ ಪರಂಪರೆಯಿದೆ. ದನ ಕಾಯುವ ವೀರನೊಬ್ಬ ದೇವರಾದ ಕಥೆ ಅದು. ಹುಲ್ಲುಗಾವಲನ್ನೇ ನಂಬಿ ಬಾಳಿದ ಸಮುದಾಯಗಳು ಈ ಸೀಮೆಯಲ್ಲಿ ಎಷ್ಟು ಹಳೆಯವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಾಗೆಂದು ಹಿಂದಿನ ಕಾಲದಲ್ಲಿ ಹುಲ್ಲೆಲ್ಲ ಜನರದ್ದಾಗಿತ್ತು ಎಂದುಕೊಳ್ಳುವಂತಿಲ್ಲ. ಅರಸರ ಕಣ್ಣು ಮೊದಲಿನಿಂದಲೂ ಅದರ ಮೇಲಿತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಕಟ್ಟಿ, ರಾಜ್ಯದ ಹಲವೆಡೆ ಹುಲ್ಲುಗಾವಲುಗಳನ್ನು ಅದಕ್ಕೆ ಬಿಟ್ಟರು. ಹೈದರಾಲಿಯ ಕಾಲಕ್ಕೆ ಈ ದನಗಳು ದಂಡಿನ ಫಿರಂಗಿ, ಸಾಮಾನು ಎಳೆಯುವ ಎತ್ತುಗಳಾದವು. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನವೂ ಕಾವಲೂ ಬ್ರಿಟಿಷರ ಕೈಗೆ ಹೋದವು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಹಿಂಡು ವರ್ಷವಿಡೀ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ಹಿಂಡು ಬೇರೆಡೆ ಹೋದಾಗ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ನೋಡಿಕೊಳ್ಳಲು ಸೇರ್ವೆಗಾರರು, ಕಾವಲುಗಾರರು ಇದ್ದರು. ಒಂದು ಕಾಲಕ್ಕೆ ಅಮೃತಮಹಲ್ ಕಾವಲುಗಳ ಒಟ್ಟು ವಿಸ್ತೀರ್ಣ ನಾಲ್ಕು ಲಕ್ಷ ಎಕರೆ ಮೀರಿತ್ತು. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಒಣ ಬಯಲುಗಳಲ್ಲಿ ಅವು ಹರಡಿದ್ದವು.

ಅರಸರ ಕಾವಲಾದರೂ ಹುಲ್ಲು ಹುಲ್ಲಾಗಿಯೇ ಉಳಿಯಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕಾವಲುಗಾರನ ಕಣ್ಣು ತಪ್ಪಿಸಿಯೋ ಅವನ ಕೈ ಬಿಸಿ ಮಾಡಿಯೋ ಊರ ದನ ಒಳಗೆ ನುಗ್ಗುತ್ತಿದ್ದಿರಬಹುದು. ಯಾರ ದನ ಮೇಯಬೇಕು ಎಂಬ ಬಗ್ಗೆ ತಕರಾರಿತ್ತೇ ಹೊರತು ಅಲ್ಲಿ ಹುಲ್ಲು ಬೆಳೆಯಬೇಕೇ ಎಂಬ ಬಗ್ಗೆ ಇರಲಿಲ್ಲ.

ಕಾಡಿಗೆ ಬೇಲಿ

ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಆರಂಭವಾದದ್ದು 1864ರಲ್ಲಿ. ಇಲಾಖೆಯ ಮುಖ್ಯ ಆಸಕ್ತಿ ಮಲೆನಾಡಿನ ತೇಗ, ಬೀಟೆ ಮತ್ತು ಗಂಧದ ಮೇಲಿತ್ತು. ಬಯಲುಸೀಮೆಯಲ್ಲಿ ಅದಕ್ಕೆ ಬೇಕಾಗಿದ್ದುದು ಸೌದೆ. ಆಗ ತಾನೇ ಹಾಸುತ್ತಿದ್ದ ರೈಲು ಹಳಿಗಳಿಗೂ ಬೆಳೆಯುತ್ತಿದ್ದ ಪಟ್ಟಣಗಳಿಗೂ ಇಂಧನ ಬೇಕಿತ್ತು. ದೇವರಾಯನದುರ್ಗದಂತಹ ಬೆಟ್ಟಗಳ ಕುರುಚಲು ಕಾಡು ಕ್ರಮೇಣ ಸರ್ಕಾರಿ ಅರಣ್ಯವಾಯಿತು. 1900ರ ಮೈಸೂರು ಅರಣ್ಯ ಕಾಯಿದೆ ಈ ಕಟ್ಟುಪಾಡುಗಳನ್ನು ಬಿಗಿಗೊಳಿಸಿತು. ಅದರ ಜಾಗಕ್ಕೆ ಬಂದ 1963ರ ಕರ್ನಾಟಕ ಅರಣ್ಯ ಕಾಯಿದೆ ಇಂದಿಗೂ ಜಾರಿಯಲ್ಲಿದೆ.

ದೇವರಾಯನದುರ್ಗವನ್ನು ಕಾಪಾಡಿದ್ದು ತಪ್ಪೆಂದು ಯಾರೂ ಹೇಳಲಾರರು. ಶಿಂಷಾ ಮತ್ತು ಜಯಮಂಗಲಿ ನದಿಗಳು ಹುಟ್ಟುವ ಬೆಟ್ಟ ಅದು. ತುಮಕೂರಿಗೆ ಇಷ್ಟು ಹತ್ತಿರದಲ್ಲಿ ಅಷ್ಟಾದರೂ ಕಾಡು ಉಳಿದಿದ್ದರೆ ಅದಕ್ಕೆ ಇಲಾಖೆಯ ಬೇಲಿಯೂ ಕಾರಣ. ನಾಮದ ಚಿಲುಮೆಗೆ ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ತುಮಕೂರಿನ ಸಂಸಾರಗಳೆಲ್ಲ ಆ ಬೇಲಿಯ ಫಲಾನುಭವಿಗಳೇ. ತೊಂದರೆ ಬಂದದ್ದು ಬೆಟ್ಟದ ಕಾಡಿನಲ್ಲಲ್ಲ, ಬಯಲಿನ ಹುಲ್ಲಿನಲ್ಲಿ. ಮರವಿಲ್ಲದ ನೆಲವೆಲ್ಲ ‘ಬಂಜರು’ ಎಂಬ ಕಂದಾಯದವರ ಮಾತನ್ನು ಅರಣ್ಯದವರೂ ಒಪ್ಪಿಕೊಂಡರು. ಬಂಜರನ್ನು ಹಸಿರು ಮಾಡುವುದು ಪುಣ್ಯದ ಕೆಲಸವೆಂದು ಎಲ್ಲರೂ ನಂಬಿದರು.

ನೀಲಗಿರಿ ಬಂದ ದಾರಿ

ಆಸ್ಟ್ರೇಲಿಯಾ ಮೂಲದ ನೀಲಗಿರಿ ಟಿಪ್ಪುವಿನ ಕಾಲದಲ್ಲೇ ನಂದಿಬೆಟ್ಟಕ್ಕೆ ಬಂದಿತ್ತೆಂದು ಹೇಳಿಕೆಯಿದೆ. ಅಲ್ಲಿನ ಮರಗಳ ಬೀಜದಿಂದ ಬೆಳೆದ ಮಿಶ್ರತಳಿಯೇ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ಆಮೇಲೆ ಭಾರತದ ಉದ್ದಗಲಕ್ಕೂ ಹಬ್ಬಿತು. ಹೆಸರಿನ ಮಟ್ಟಿಗೆ ಮೈಸೂರಿಗೆ ಇದೊಂದು ಹೆಮ್ಮೆ. ಸ್ವಾತಂತ್ರ್ಯಾನಂತರ ಅರಣ್ಯ ಇಲಾಖೆ ಇದನ್ನು ದೊಡ್ಡ ಪ್ರಮಾಣದಲ್ಲಿ ನೆಡತೊಡಗಿತು. ಹರಿಹರದ ಬಳಿ ತುಂಗಭದ್ರೆಯ ದಡದಲ್ಲಿ ಎದ್ದ ಪಾಲಿಫೈಬರ್ಸ್ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆಗಳಿಗೆ ತಿರುಳು ಬೇಕಿತ್ತು. ಬೆಂಗಳೂರಿನಲ್ಲಿ ಏಳುತ್ತಿದ್ದ ಕಟ್ಟಡಗಳಿಗೆ ಸಾರುವೆ ಕಂಬ ಬೇಕಿತ್ತು.

1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗ ‘ಸಾಮಾಜಿಕ ಅರಣ್ಯ’ದ ವಿಚಾರ ಮುಂದಿಟ್ಟಿತು. ಹಳ್ಳಿಯವರು ಸೌದೆ, ಮೇವಿಗಾಗಿ ಕಾಡಿಗೆ ಹೋಗುವುದನ್ನು ತಪ್ಪಿಸಬೇಕಾದರೆ ಹಳ್ಳಿಯ ನೆಲದಲ್ಲೇ ಮರ ಬೆಳೆಸಬೇಕು ಎಂಬುದು ತಿರುಳು. ಕೇಳಲು ನ್ಯಾಯವಾಗಿಯೇ ಇದೆ. ಕರ್ನಾಟಕದಲ್ಲಿ 1983ರ ಸುಮಾರಿಗೆ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರದ ನೆರವಿನಿಂದ ಯೋಜನೆ ದೊಡ್ಡದಾಗಿ ಆರಂಭವಾಯಿತು. ಸಸ್ಯಕ್ಷೇತ್ರಗಳಲ್ಲಿ ಸಸಿಗಳು ಸಿದ್ಧವಾದವು. ಅವುಗಳಲ್ಲಿ ಹೆಚ್ಚಿನವು ನೀಲಗಿರಿ.

ಯಾಕೆ ನೀಲಗಿರಿ? ಅದನ್ನು ದನ ಮೇಕೆ ಮುಟ್ಟುವುದಿಲ್ಲ, ಆದ್ದರಿಂದ ಕಾವಲು ಬೇಡ. ಏಳೆಂಟು ವರ್ಷಕ್ಕೆ ಕಡಿಯಲು ಬರುತ್ತದೆ. ಕಡಿದ ಮೇಲೆ ಕಬ್ಬಿನ ಕೂಳೆಯಂತೆ ಬುಡದಿಂದ ಮತ್ತೆ ಚಿಗುರುತ್ತದೆ. ಒಣ ಭೂಮಿಯಲ್ಲೂ ಸಾಯುವುದಿಲ್ಲ. ಇಷ್ಟು ಗುಣಗಳಿರುವ ಗಿಡವನ್ನು ಬಿಟ್ಟು ಹುಣಸೆ, ಹಿಪ್ಪೆ ನೆಡಲು ಯಾವ ಅಧಿಕಾರಿಗೆ ಮನಸ್ಸಾಗುತ್ತದೆ? ನೆಟ್ಟ ಸಸಿ ಎಷ್ಟು, ಬದುಕಿದ್ದೆಷ್ಟು ಎಂಬ ತಖ್ತೆ ತುಂಬಬೇಕಾದವನಿಗೆ ನೀಲಗಿರಿ ದೇವರು ಕೊಟ್ಟ ವರ. ಆದರೆ ಇಲಾಖೆ ಮೆಚ್ಚಿದ ಗುಣಗಳೇ ಹಳ್ಳಿಯವರ ಆಕ್ಷೇಪಗಳಾದವು. ದನ ಮುಟ್ಟದ ಗಿಡವನ್ನು ಗೋಮಾಳದಲ್ಲಿ ನೆಟ್ಟರೆ ಅಲ್ಲಿ ದನಕ್ಕೆ ಉಳಿಯುವುದೇನು? ಅದರ ಎಲೆ ಗೊಬ್ಬರಕ್ಕಾಗದು. ಹಣ್ಣು ಬಿಡದು, ನೆರಳು ಕೊಡದು. ಕೆಳಗೆ ಹುಲ್ಲು ಸರಿಯಾಗಿ ಬೆಳೆಯದು. ಏಳೆಂಟು ವರ್ಷದ ಮೇಲೆ ಲಾರಿ ಬಂದು ಮರ ಒಯ್ದರೆ ಊರಿಗೆ ಬುಡ ಮಾತ್ರ ಉಳಿಯುತ್ತದೆ.

ಖಾಸಗಿ ಹೊಲಗಳ ಕಥೆಯೂ ಇದಕ್ಕೆ ಹೆಣೆದುಕೊಂಡಿತು. ಕೋಲಾರ ಜಿಲ್ಲೆಯಲ್ಲಿ, ಆಮೇಲೆ ತುಮಕೂರು, ಬೆಂಗಳೂರು ಗ್ರಾಮಾಂತರಗಳಲ್ಲಿ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. 1974ರ ಭೂಸುಧಾರಣೆಯ ತರುವಾಯ ಗೇಣಿಗೆ ಕೊಡಲು ಹೆದರಿದ, ಊರಿನಲ್ಲಿಲ್ಲದ ಜಮೀನ್ದಾರರಿಗೆ ಕೂಲಿ ಬೇಡದ ಈ ಬೆಳೆ ಹೇಳಿ ಮಾಡಿಸಿದಂತಿತ್ತು. ಕಾನೂನು ಕೂಡ ಅದರ ಪಕ್ಷಪಾತಿಯಾಗಿತ್ತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ರೈತ ತನ್ನದೇ ಜಮೀನಿನ ಅನೇಕ ನಾಡ ಮರಗಳನ್ನು ಕಡಿಯಲು ಅನುಮತಿ ಬೇಡಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್‌ಗಳಿಗೆ ಆ ರಗಳೆಯಿಲ್ಲ. ಮರ ಉಳಿಸಲು ಬಂದ ಕಾಯಿದೆಯೇ ರೈತನ ಕೈಗೆ ಪರದೇಶದ ಗಿಡ ಕೊಟ್ಟಿತು.

1981ರಲ್ಲಿ ವಂದನಾ ಶಿವ, ಎಚ್. ಸಿ. ಶರತ್ಚಂದ್ರ ಮತ್ತು ಜಯಂತ ಬಂಡೋಪಾಧ್ಯಾಯ ಕೋಲಾರದ ಸಾಮಾಜಿಕ ಅರಣ್ಯದ ಬಗ್ಗೆ ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯಿಂದ ಅಧ್ಯಯನ ಪ್ರಕಟಿಸಿದರು. ರಾಗಿಯೂ ಕೂಲಿಯೂ ಕಡಿಮೆಯಾಗುತ್ತಿವೆ ಎಂಬ ಅವರ ವಾದ ದೊಡ್ಡ ಚರ್ಚೆ ಎಬ್ಬಿಸಿತು. ಅರಣ್ಯ ವಿಜ್ಞಾನಿಗಳಲ್ಲಿ ಹಲವರು ಅದನ್ನು ಒಪ್ಪಲಿಲ್ಲ. ಇತ್ತ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಹಳ್ಳಿಹಳ್ಳಿಗಳಲ್ಲಿ ಹಸಿರು ಶಾಲು ಹರಡುತ್ತಿತ್ತು. ಪ್ರೊ. ಎಂ. ಡಿ. ನಂಜುಂಡಸ್ವಾಮಿ ಮತ್ತು ಸಂಗಾತಿಗಳ ಆ ಸಂಘಟನೆ ಸಾಲ, ಬೆಲೆ, ಲೆವಿಗಳಷ್ಟೇ ಅಲ್ಲದೆ ಊರ ನೆಲದ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. 1983ರ ಆಗಸ್ಟ್‌ನಲ್ಲಿ ತುಮಕೂರಿನ ಸಸ್ಯಕ್ಷೇತ್ರಕ್ಕೆ ಹೋದವರು ಈ ಸಂಘದ ರೈತರು.

ಅವರು ಬಿತ್ತಿದ ಬೀಜಗಳ ಆಯ್ಕೆಯನ್ನು ನೋಡಬೇಕು. ಹುಣಸೆ ಈ ಜಿಲ್ಲೆಯ ಮರ. ತುಮಕೂರಿನ ಹುಣಸೆಹಣ್ಣಿನ ಮಾರುಕಟ್ಟೆ ನಾಡಿನಲ್ಲೇ ಹೆಸರುವಾಸಿ. ಬೇಸಿಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಹುಣಸೆ ಬಡಿಯುವುದು, ಕುಟ್ಟುವುದು, ಬೀಜ ತೆಗೆಯುವುದು ಕೂಲಿಕಾರ ಹೆಂಗಸರ ಪಾಲಿನ ದುಡಿಮೆ. ಹುಣಸೆ ಫಲ ಕೊಡಲು ಎಂಟು ಹತ್ತು ವರ್ಷ ಬೇಕು. ಅಷ್ಟರಲ್ಲಿ ನೀಲಗಿರಿಯನ್ನು ಒಮ್ಮೆ ಕಡಿದು ಮಾರಿಯೂ ಆಗಿರುತ್ತದೆ. ಆದರೆ ಒಮ್ಮೆ ಫಲಕ್ಕೆ ಬಂದ ಹುಣಸೆ ಮೊಮ್ಮಕ್ಕಳ ಕಾಲಕ್ಕೂ ಕೊಡುತ್ತದೆ, ಕೆಳಗೆ ದನ ಮಲಗುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿಗೂ ಈ ಮಾತು ಒಪ್ಪುತ್ತದೆ. ಅದೇ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ ಮಾಗಡಿ ತಾಲ್ಲೂಕಿನ ಹುಲಿಕಲ್-ಕುದೂರು ರಸ್ತೆಗೆ ಸಾಲು ಹಿಡಿಸಿದ್ದು ಆಲದ ಗಿಡಗಳನ್ನು. ಯಾವ ಗಿಡ ನೆಡಬೇಕೆಂದು ಈ ಸೀಮೆಯ ಜನಕ್ಕೆ ಹೊರಗಿನವರು ಹೇಳಿಕೊಡಬೇಕಾದ ಅಗತ್ಯವಿರಲಿಲ್ಲ.

ಸಾಲ್ಕಣಿಯಿಂದ ಕುಸನೂರಿಗೆ

ಶಿರಸಿಯ ಕಡೆ ಪ್ರಶ್ನೆ ತಿರುವುಮುರುವಾಗಿತ್ತು. ಅಲ್ಲಿನ ಅಡಿಕೆ ತೋಟಗಳು ನಿಂತಿರುವುದೇ ಸೊಪ್ಪಿನ ಬೆಟ್ಟದ ಮೇಲೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದಿಂದ ಸೊಪ್ಪು, ದರಕು ತರುವ ಸೌಲಭ್ಯವನ್ನು ಬ್ರಿಟಿಷರ ಕಾಲದಲ್ಲೇ ಮಾನ್ಯ ಮಾಡಲಾಗಿತ್ತು. ಕಾಡು ಬರಿದಾದರೆ ತೋಟ ಒಣಗುತ್ತದೆ, ಝರಿ ಬತ್ತುತ್ತದೆ. ಪ್ಲೈವುಡ್ಡಿಗೆ ಮರ ಕಡಿಯಲು ಬಂದವರನ್ನು ತಡೆದದ್ದು ಇದಕ್ಕಾಗಿ. ಮೂವತ್ತೆಂಟು ದಿನ ಜನ ಬಿಡಲಿಲ್ಲ. ಕಡಿತದ ಆದೇಶ ವಾಪಸಾಯಿತು. ಪಾಂಡುರಂಗ ಹೆಗಡೆ ಮತ್ತು ಅವರ ಜೊತೆಗಾರರು ಚಳವಳಿಯನ್ನು ಮಲೆನಾಡಿನ ಬೇರೆ ಕಡೆಗೂ ಒಯ್ದರು. ತೋಟದವರಿಗೆ ಬೇಕಾದ ಮರವನ್ನು ಕಡಿಯಬೇಡಿ ಎಂದವರು ಸಾಲ್ಕಣಿಯವರು. ದನಕ್ಕೆ ಬೇಡವಾದ ಗಿಡವನ್ನು ನೆಡಬೇಡಿ ಎಂದವರು ತುಮಕೂರಿನವರು.

ಈ ಎರಡೂ ಎಳೆಗಳು ಕೂಡಿದ್ದು ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ‘ಕರ್ನಾಟಕ ಪಲ್ಪ್‌ವುಡ್ಸ್’ ಎಂಬ ಜಂಟಿ ಕಂಪನಿ ಸ್ಥಾಪಿಸಿದವು. ‘ಸಿ’ ಮತ್ತು ‘ಡಿ’ ವರ್ಗದ ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನನ್ನು ಕಾರ್ಖಾನೆಯ ನೀಲಗಿರಿಗಾಗಿ ಬಿಟ್ಟುಕೊಡುವುದು ಉದ್ದೇಶ. ಕಾಗದದಲ್ಲಿ ಅದು ಪಾಳು ನೆಲ. ಸುತ್ತಲ ಹಳ್ಳಿಗಳ ಪಾಲಿಗೆ ಅದೇ ಗೋಮಾಳ, ಅದೇ ಸೌದೆಯ ಕಣಜ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನಾ ಸಮುದಾಯ ಹೋರಾಟಕ್ಕಿಳಿಯಿತು. ಡಾ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ಗುಂಡಿಯಲ್ಲಿ ಊರಿಗೆ ಬೇಕಾದ ಗಿಡ ಹಚ್ಚಿದರು. ನಾಲ್ಕು ವರ್ಷಗಳ ಕೆಳಗೆ ತುಮಕೂರಿನ ರೈತರು ಮಾಡಿದ್ದ ಕೆಲಸವೇ ಇಲ್ಲಿ ಹೆಸರು, ವಿಧಿ, ನ್ಯಾಯಾಲಯದ ಬೆಂಬಲ ಎಲ್ಲವನ್ನೂ ಪಡೆಯಿತು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ನೀಲಗಿರಿ ನೀರು ಕುಡಿಯುತ್ತದೆಯೇ ಎಂಬ ಜಗಳಕ್ಕೂ ಆ ಹೊತ್ತಿಗೆ ಅಳತೆಯ ಆಧಾರ ದೊರೆಯಿತು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯವರು ಕರ್ನಾಟಕ ಅರಣ್ಯ ಇಲಾಖೆಯೊಡನೆ ಸೇರಿ 1980ರ ದಶಕದ ಕೊನೆಯಿಂದ ಶಿವಮೊಗ್ಗ ಕಡೆಯಲ್ಲೂ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲೂ ಮಾಪನ ನಡೆಸಿದರು. ಮಣ್ಣು ಆಳವಿಲ್ಲದ ಕಡೆ ನೀಲಗಿರಿ ಬಳಸಿದ ನೀರು ಅಲ್ಲಿನ ಎಲೆ ಉದುರುವ ಕಾಡು ಬಳಸಿದ್ದಕ್ಕೆ ಹೆಚ್ಚುಕಡಿಮೆ ಸಮ. ಆದರೆ ಹೊಸಕೋಟೆಯ ಆಳವಾದ ಕೆಂಪು ಮಣ್ಣಿನಲ್ಲಿ ಅದರ ಬೇರು ಕೆಳಕ್ಕಿಳಿದು, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಹೀರಿತು. ಅಂದರೆ ಹಿಂದಿನ ವರ್ಷಗಳಲ್ಲಿ ಮಣ್ಣಿನಡಿ ಕೂಡಿಟ್ಟ ನೀರನ್ನೂ ಅದು ಖರ್ಚು ಮಾಡುತ್ತಿತ್ತು. ನೀಲಗಿರಿ ರಾಕ್ಷಸ ಎಂದವರೂ ನಿರಪರಾಧಿ ಎಂದವರೂ ಅರ್ಧ ಸರಿ. ಆಳದ ಕೆಂಪು ಮಣ್ಣು, ಕಡಿಮೆ ಮಳೆಯ ಬಯಲುಸೀಮೆಗೆ ಮಾತ್ರ ತೀರ್ಪು ಒಳ್ಳೆಯದಾಗಿರಲಿಲ್ಲ. ಕೊಳವೆ ಬಾವಿಗಳು ನೂರು, ಇನ್ನೂರು ಅಡಿ ದಾಟಿ ಇಳಿಯತೊಡಗಿದ ಮೇಲೆ ಹಲವು ರೈತರು ಸಾಲ ಮಾಡಿ ಬುಲ್ಡೋಜರ್ ತರಿಸಿ ತಮ್ಮ ಹೊಲದ ನೀಲಗಿರಿ ಬೊಡ್ಡೆಗಳನ್ನು ಕೀಳಿಸಿದರು. 2017ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. 1983ರಲ್ಲಿ ಸಸಿ ಕಿತ್ತವರು ಹೇಳಿದ್ದನ್ನು ಸರ್ಕಾರ ಹೇಳಲು ಮೂವತ್ತನಾಲ್ಕು ವರ್ಷ ಹಿಡಿಯಿತು.

ಸಮಿತಿ ಬಂತು

ಹೋರಾಟಗಳ ಫಲವಾಗಿ ಇಲಾಖೆಯ ನಡೆಯೂ ಬದಲಾಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನ ಮೇಲೆ ಮೊದಲ ಹಕ್ಕು ಕಾರ್ಖಾನೆಯದಲ್ಲ, ಸುತ್ತ ಬಾಳುವ ಜನರ ಅಗತ್ಯದ್ದು ಎಂಬ ನಿಲುವು ತಳೆಯಿತು. 1990ರ ಜೂನ್ 1ರಂದು ಕೇಂದ್ರ ಸರ್ಕಾರ ಅರಣ್ಯ ನಿರ್ವಹಣೆಯಲ್ಲಿ ಜನರನ್ನು ಸೇರಿಸಿಕೊಳ್ಳುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಕರ್ನಾಟಕ 1993ರ ಏಪ್ರಿಲ್ 12ರಂದು ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಊರೂರಿಗೆ ಗ್ರಾಮ ಅರಣ್ಯ ಸಮಿತಿಗಳು ಬಂದವು. 1990ರ ದಶಕದ ಕೊನೆಯಲ್ಲಿ ಜಪಾನಿನ ಸಾಲದ ಯೋಜನೆಯೊಂದಿಗೆ ಅವು ಬಯಲುಸೀಮೆಗೂ ಕಾಲಿಟ್ಟವು.

ಕಾಗದದ ಮೇಲೆ ಇದು ದೊಡ್ಡ ಬದಲಾವಣೆ. ಯಾವ ಗಿಡ ಎಂಬುದನ್ನು ಊರೇ ಹೇಳಬಹುದು, ಫಸಲಿನಲ್ಲಿ ಊರಿಗೂ ಪಾಲು. ನಡೆದದ್ದು ಮಿಶ್ರ ಕಥೆ. ಸಮಿತಿಯ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರೇ ಆದ್ದರಿಂದ ಬ್ಯಾಂಕ್ ಖಾತೆಗೂ ಮೈಕ್ರೋಪ್ಲಾನಿಗೂ ಅವರ ಕೈಬರಹವೇ ಗತಿ. ಯೋಜನೆಯ ಹಣ ಮುಗಿದೊಡನೆ ಬಹಳಷ್ಟು ಸಮಿತಿಗಳು ಮಲಗಿದವು. ಫಾರೆಸ್ಟರು ಒಳ್ಳೆಯವರಾಗಿ, ಊರಿನಲ್ಲಿ ನಾಲ್ಕು ಜನ ಪಟ್ಟು ಹಿಡಿಯುವವರಿದ್ದ ಕಡೆ ಹುಲ್ಲು ಕೊಯ್ದು ತರುವ ಪದ್ಧತಿ ಬಂತು, ಹೊಂಗೆ, ಹುಣಸೆ, ಬೇವು ನೆಲಕ್ಕೆ ಮರಳಿದವು. ಉಳಿದೆಡೆ ಸಮಿತಿಯ ಬೋರ್ಡು ಮಾತ್ರ ಉಳಿಯಿತು.

ಇದೆಲ್ಲವನ್ನೂ ಹೇಳುವಾಗ ಹಳ್ಳಿಯನ್ನು ಮುಗ್ಧವೆಂದು ಚಿತ್ರಿಸಿದರೆ ಅದು ಅರ್ಧಸತ್ಯವಾಗುತ್ತದೆ. ಗುಂಡುತೋಪುಗಳ ಮರ ಕಡಿದು ಮಾರಿದವರಲ್ಲಿ ಊರ ಮುಖಂಡರೂ ಇದ್ದರು. ಗೋಮಾಳ ಒತ್ತುವರಿಯಲ್ಲಿ ಬಡವನ ಎರಡು ಎಕರೆ ಎಲ್ಲರ ಕಣ್ಣಿಗೆ ಬಿತ್ತು, ಧಣಿಯ ಇಪ್ಪತ್ತು ಎಕರೆ ಬೀಳಲಿಲ್ಲ. 1991ರ ಬಗರ್ ಹುಕುಂ ಸಕ್ರಮದ ನಮೂನೆ 50, ಆಮೇಲಿನ ನಮೂನೆ 53, 2018ರ ನಮೂನೆ 57 ಇವುಗಳಿಗಾಗಿ ತಾಲ್ಲೂಕು ಕಚೇರಿಗಳ ಎದುರು ನಿಂತ ಸಾಲಿನಲ್ಲಿ ನಿಜವಾದ ಭೂಹೀನರೂ ಇದ್ದರು, ಅವರ ಹೆಸರು ಹೇಳಿಕೊಂಡು ಬಂದವರೂ ಇದ್ದರು. ಭೂಮಿಯಿಲ್ಲದವನಿಗೆ ಭೂಮಿ ಕೊಡುವುದು ನ್ಯಾಯ. ಆದರೆ ಹಾಗೆ ಕೊಟ್ಟ ನೆಲವೇ ಇನ್ನೊಬ್ಬ ಭೂಹೀನನ ಮೇಕೆ ಮೇಯುವ ನೆಲವಾಗಿತ್ತು ಎಂಬ ತೊಡಕಿಗೆ ಯಾವ ನಮೂನೆಯಲ್ಲೂ ಅಂಕಣವಿರಲಿಲ್ಲ. 2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರೊಟ್ಟಿನ ಜಮೀನುಗಳ ಒತ್ತುವರಿ ತೆರವುಗೊಳಿಸುವ ಯೋಜನೆ ರೂಪಿಸಲು ಎಲ್ಲ ರಾಜ್ಯಗಳಿಗೆ ಹೇಳಿತು. ತೀರ್ಪು ಗಟ್ಟಿಯಾಗಿದೆ; ಅದನ್ನು ಜಾರಿಗೆ ತರಬೇಕಾದವರು ಅದೇ ತಾಲ್ಲೂಕು ಕಚೇರಿಯವರು.

2006ರ ಅರಣ್ಯ ಹಕ್ಕು ಕಾಯಿದೆಯಿಂದ ಈ ಸೀಮೆಗೆ ಆದ ಪ್ರಯೋಜನ ಕಡಿಮೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಆ ಕಾಯಿದೆಯಡಿ ಹುಲಿ ಅಭಯಾರಣ್ಯದೊಳಗೇ ಸಮುದಾಯ ಹಕ್ಕು ಪಡೆದರು. ಅದು ಹೆಗ್ಗಳಿಕೆಯ ಸಂಗತಿ. ಬಯಲುಸೀಮೆಯ ಕುರುಬ, ಗೊಲ್ಲ, ಬಡ ರೈತರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗಿ ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ಸಾಕ್ಷಿ ಒದಗಿಸಬೇಕು. ಅದಕ್ಕೂ ಮಿಗಿಲಾಗಿ ಕಾಯಿದೆ ಮಾತಾಡುವುದು ಅರಣ್ಯದ ಬಗ್ಗೆ. ಕಂದಾಯ ಇಲಾಖೆಯ ಗೋಮಾಳಕ್ಕೆ ಅದು ಅನ್ವಯಿಸದು.

ಹುಲ್ಲಿನ ಲೆಕ್ಕ

ಹುಲ್ಲುಗಾವಲನ್ನು ಹಾಳು ನೆಲವೆಂದು ಕರೆದದ್ದು ತಪ್ಪೆಂದು ಸರ್ಕಾರ ಒಪ್ಪಿಕೊಂಡ ಜಾಗಗಳೂ ಇದೇ ಜಿಲ್ಲೆಯಲ್ಲಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಕೃಷ್ಣಮೃಗಕ್ಕೆ ಮರ ಬೇಡ, ದೂರ ಕಾಣುವ ಬಯಲು ಬೇಕು. 2019ರಲ್ಲಿ ಶಿರಾ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಬುಕ್ಕಾಪಟ್ಟಣದ ಕಾಡು ಚಿಂಕಾರ ವನ್ಯಧಾಮವಾಯಿತು. ಇಲಾಖೆ ಹುಲ್ಲಿನ ಬೆಲೆ ಅರಿತದ್ದು ಜಿಂಕೆಗಳ ಮೂಲಕ ಎಂಬುದು ಸ್ವಲ್ಪ ವಿಚಿತ್ರ. ಹಟ್ಟಿಯ ದನ ಕುರಿಗಳು ಶತಮಾನಗಳಿಂದ ಇದನ್ನೇ ಹೇಳುತ್ತಿದ್ದವು.

ಉಳಿದ ಕಾವಲುಗಳಿಗೆ ಈಗ ಅರಣ್ಯ ಇಲಾಖೆಗಿಂತ ಬಲವಾದ ಹಕ್ಕುದಾರರು ಬಂದಿದ್ದಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳ ಪಾಲಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಜಿಲ್ಲೆಗೆ ಕೆಲಸ ಬೇಕು, ಕಾರ್ಖಾನೆ ಬೇಕು. ಅಂತರಸನಹಳ್ಳಿಯ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ಸುತ್ತಲ ಹಳ್ಳಿಗಳ ಮಕ್ಕಳೂ ಇದ್ದಾರೆ. ಆದರೆ ಕಾರ್ಖಾನೆಗೆ ನೆಲ ಬೇಕಾದಾಗಲೆಲ್ಲ ಮೊದಲು ಹುಡುಕುವುದು ಕಾವಲು, ಗೋಮಾಳ ಎಂಬ ಹೆಸರಿನ ಸರ್ವೆ ನಂಬರುಗಳನ್ನೇ. ಅಲ್ಲಿ ಪರಿಹಾರ ಕೇಳುವ ಖಾತೆದಾರನಿರುವುದಿಲ್ಲ.

ಉಳಿದ ಗೋಮಾಳವನ್ನು ಕಾಯಲು ಒಂದು ನಿಯಮವಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ 100 ರಾಸುಗಳಿಗೆ 12 ಹೆಕ್ಟೇರ್, ಎಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಆ ‘ಹೆಚ್ಚುವರಿ’ಯನ್ನು ಬೇರೆ ಕೆಲಸಕ್ಕೆ ಕೊಡಬಹುದು. ನಿಯಮ ಮಾಡಿದವರ ಉದ್ದೇಶ ಒಳ್ಳೆಯದೇ. ಈಗ ಅದು ಕೆಲಸ ಮಾಡುತ್ತಿರುವ ರೀತಿಯೇ ಬೇರೆ. ಮೇಯಲು ಜಾಗ ಸಾಲದೆ ರೈತ ನಾಟಿ ದನ ಮಾರಿ, ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ಸೀಮೆಹಸು ಒಂದೆರಡನ್ನು ಇಟ್ಟುಕೊಳ್ಳುತ್ತಾನೆ. ಊರಿನ ರಾಸುಗಳ ಸಂಖ್ಯೆ ಇಳಿಯುತ್ತದೆ. ಮುಂದಿನ ಗಣತಿಯಲ್ಲಿ ಗೋಮಾಳ ಅಗತ್ಯಕ್ಕಿಂತ ಹೆಚ್ಚಿದೆ ಎಂದು ವರದಿ ಬರುತ್ತದೆ. ಹೆಚ್ಚುವರಿಯನ್ನು ಹಂಚಿದ ಮೇಲೆ ಜಾಗ ಇನ್ನಷ್ಟು ಕಿರಿದಾಗುತ್ತದೆ, ಮತ್ತೊಂದಿಷ್ಟು ದನ ಸಂತೆಗೆ ಹೋಗುತ್ತವೆ. ಈ ಲೆಕ್ಕದಲ್ಲಿ ಕುರಿ ಮೇಕೆಗಳ ಸೌದೆ ಹೊರುವವರ ಮಾತು ಮೊದಲಿನಿಂದಲೂ ಬಂದಿಲ್ಲ.